ಪೋಳಾದ ಹೋಳಿಗೆ ತಿಂದ ಎತ್ತು

ನಾನು ಕೊಂದ ಎತ್ತಿನ ಬಗ್ಗೆ ಬರೆಯಬೇಕೆಂದು ಕೂತದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಬರೆದದ್ದನ್ನು ಹರಿದು ಹಾಕಿದೆ. ಬರೆಯುತ್ತ ಬರೆಯುತ್ತ ತಪ್ಪು ಮೆಲ್ಲಗೆ ನನ್ನ ಹೆಗಲಿನಿಂದ ಇಳಿದು ಬೇರೆ ಯಾರದೋ ಹೆಗಲೇರುತ್ತಿತ್ತು. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳಿಗೆ ಟಿಪ್ಪಣಿ ಬರೆದ ಕೈ ಇದು. ಅದಕ್ಕೆ ಈ ವಿದ್ಯೆ ಚೆನ್ನಾಗಿ ಗೊತ್ತು. ಎತ್ತಿನ ಜೀವದ ಜೊತೆಗೆ ಒಬ್ಬ ಮನುಷ್ಯನ ಅನ್ನವನ್ನೂ ಈ ಕೈ ಕಿತ್ತುಕೊಂಡಿದೆ. ಅದಕ್ಕೇ ಈ ಸಲ ಮೊದಲೇ ಹೇಳಿಬಿಡುತ್ತೇನೆ, ಕೊಂದವಳು ನಾನು.

ನಮ್ಮೂರು ಬಾಗಲಕೋಟೆ ಕಡೆ. ಮದುವೆಯಾಗಿ ನಾಗಪುರಕ್ಕೆ ಬಂದವಳು ಇಲ್ಲೇ ನೌಕರಿ ಮಾಡಿ, ಇಲ್ಲೇ ನಿವೃತ್ತಳಾಗಿ, ಇಲ್ಲೇ ಉಳಿದೆ. ಪ್ರಾಣಿಗಳ ಪರವಾಗಿ ಅರ್ಜಿ ಬರೆಯುವ ಚಟ ಅಂಟಿಕೊಂಡದ್ದು ನಿವೃತ್ತಿಯ ನಂತರ. ಪಕ್ಕದ ಜಿಲ್ಲೆಯ ಒಂದು ಚಿಕ್ಕ ಮೃಗಾಲಯಕ್ಕೆ ಹೋಗಿದ್ದೆವು. ಅಲ್ಲೊಂದು ಕರಡಿ ಸಿಮೆಂಟಿನ ನೆಲದ ಮೇಲೆ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ನಡೆಯುತ್ತಲೇ ಇತ್ತು. ಮೇ ತಿಂಗಳ ವಿದರ್ಭದ ಬಿಸಿಲು, ತೊಟ್ಟಿಯಲ್ಲಿ ಹನಿ ನೀರಿಲ್ಲ. ಜನ ಕಂಬಿಯ ಸಂದಿಯಿಂದ ಶೇಂಗಾ, ಬಿಸ್ಕತ್ತು ಎಸೆದು, ಅದು ಎದ್ದು ನಿಂತಾಗ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಬ್ಬ ಗಂಡಸಿನ ಕೈಯಿಂದ ಶೇಂಗಾದ ಪೊಟ್ಟಣ ಕಿತ್ತುಕೊಂಡು, ಅದೇನು ನಿನ್ನ ಮನೆಯ ನೆಂಟನೇ ಎಂದು ಹಿಂದಿಯಲ್ಲಿ ಝಾಡಿಸಿದೆ. ಮನೆಗೆ ಬಂದವಳೇ ಮೂರು ಭಾಷೆಯಲ್ಲಿ ಅರ್ಜಿ ಬರೆದೆ. ಉತ್ತರ ಬರುವ ತನಕ ಬರೆಯುತ್ತಲೇ ಹೋದೆ.

ಕೊನೆಗೆ ಒಂದು ಮಳೆಗಾಲ ಕಳೆದ ಮೇಲೆ ಆ ಕರಡಿಗೆ ಮಣ್ಣಿನ ಅಂಗಳ, ನೆರಳು, ನೀರಿನ ಹೊಂಡ ಸಿಕ್ಕಿತು. ನೋಡಲು ಹೋದೆ. ಅದು ಮಣ್ಣಿನಲ್ಲಿ ಮಗ್ಗುಲಾಗಿ ಮಲಗಿತ್ತು, ಕಾಲು ಚಾಚಿ. ಅಲ್ಲೇ ನಿಂತು ಅತ್ತೆ. ಸಂತೋಷ ಎಷ್ಟಿತ್ತೋ ಅಹಂಕಾರವೂ ಅಷ್ಟೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಮ್ಮ ಯಜಮಾನರು ಛೇಡಿಸುತ್ತಿದ್ದರು, "ನಿನ್ನ ಅರ್ಜಿಗೆ ಹೆದರಿ ಹುಲೀನೂ ಪಂಜರಾ ಬಿಟ್ಟು ಓಡಿ ಹೋಗ್ತದ ನೋಡು." ನಾನು ನಗುತ್ತಿದ್ದೆ. ನಿಜಕ್ಕೂ ಹಾಗೇ ನಂಬಿದ್ದೆ.

ಆಮೇಲೆ ನಾಗಪುರದ ಪೂರ್ವದ ಅಂಚಿನಲ್ಲಿದ್ದ ಒಂದು ಪ್ರಾಣಿ ಆಶ್ರಯ ಕೇಂದ್ರಕ್ಕೆ ವಾರಕ್ಕೆರಡು ಸಲ ಹೋಗತೊಡಗಿದೆ. ಒಂದು ಧರ್ಮಾರ್ಥ ಸಂಸ್ಥೆಯವರು ನಡೆಸುತ್ತಿದ್ದದ್ದು. ಕಾಲು ಮುರಿದ ನಾಯಿಗಳು, ಕತ್ತೆಗಳು, ಗಾಡಿಗೆ ಬೇಡವಾದ ಮೂರು ಎತ್ತು. ನಾಲ್ಕನೆಯ ಎತ್ತನ್ನು ಅಲ್ಲಿಗೆ ತಂದವಳು ನಾನು. ಕಳಮನಾ ಮಾರುಕಟ್ಟೆಗೆ ವರ್ಷದ ಮೆಣಸಿನಕಾಯಿ ತರಲು ಹೋಗಿದ್ದಾಗ, ಈರುಳ್ಳಿ ಚೀಲ ಹೇರಿದ ಗಾಡಿಯ ಮುಂದೆ ಅದು ಮುಗ್ಗರಿಸಿ ಬಿದ್ದಿತ್ತು. ನೊಗ ಉಜ್ಜಿ ಉಜ್ಜಿ ಹೆಗಲು ಹಸಿ ಮಾಂಸವಾಗಿತ್ತು, ಅದರ ಮೇಲೆ ನೊಣ. ಗಾಡಿಯವನು ಬಾಲ ತಿರುಚಿ ಎಬ್ಬಿಸಲು ನೋಡುತ್ತಿದ್ದ. ನಾನು ಗಾಡಿಯ ಮುಂದೆ ಕುಳಿತೇಬಿಟ್ಟೆ. ಹಮಾಲರು ನಕ್ಕರು, ವ್ಯಾಪಾರಿಗಳು ಬೈದರು, ಪೊಲೀಸರು ಬಂದರು. ಮೂರು ಗಂಟೆ ಗಲಾಟೆಯಾಗಿ ಕೊನೆಗೆ ಆಶ್ರಯದ ಟೆಂಪೋ ಬಂತು. ಎತ್ತಿನ ಕಣ್ಣು ನನ್ನನ್ನೇ ನೋಡುತ್ತಿತ್ತು ಎಂದು ಆವತ್ತು ಎಲ್ಲರಿಗೂ ಹೇಳಿದೆ. ನೋಡುತ್ತಿತ್ತೋ ಇಲ್ಲವೋ ದೇವರೇ ಬಲ್ಲ.

ಆಶ್ರಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದವನು ಐವತ್ತು ದಾಟಿದ ಒಬ್ಬ ಸಣಕಲು ಮನುಷ್ಯ. ಹೆಂಡತಿಯೊಡನೆ ಅಲ್ಲೇ ತಗಡಿನ ಕೋಣೆಯಲ್ಲಿ ವಾಸ. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ಆತ ಆಡುತ್ತಿದ್ದದ್ದು ಈ ಕಡೆಯ ವರ್ಹಾಡಿ ಮರಾಠಿ. ಅದನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ, ಆ ಮಾತಿನ ಧಾಟಿಗೆ ಇದೇ ಹತ್ತಿರ. ಮೊದಲ ದಿನದಿಂದಲೂ ನನಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ. ಎತ್ತಿಗೆ ಜೋಳದ ಒಣ ಕಣಿಕೆ ಮಾತ್ರ ಹಾಕುತ್ತಿದ್ದ, ಅದೂ ಹಿಡಿ ಹಿಡಿ ಅಳೆದು. ಜನ ಬೆಲ್ಲ, ರೊಟ್ಟಿ, ಹಳಸಿದ ಅನ್ನ ತಂದರೆ ಗೇಟಿನಲ್ಲೇ ತಡೆದು ವಾಪಸು ಕಳಿಸುತ್ತಿದ್ದ. ಹೊರಗಿನ ತಿನಿಸು ಹಾಕಬಾರದು ಎಂದು ತಗಡಿನ ಮೇಲೆ ತಾನೇ ಬಣ್ಣದಲ್ಲಿ ಬರೆದು ತೂಗುಹಾಕಿದ್ದ. ತಿಂಗಳೆರಡಾದರೂ ಎತ್ತಿನ ಪಕ್ಕೆಲುಬು ಎಣಿಸುವ ಹಾಗೇ ಇದ್ದವು.

"ಏನ್ರೀ, ಹೊಟ್ಟೆಗೆ ಹಾಕೂದಕ್ಕೂ ಜಿಪುಣತನ ಏನು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

ಆತ ಸಲಿಕೆ ಕೆಳಗಿಟ್ಟು ಹೇಳಿದ, "ನೀವು ಪಕ್ಕಡಿ ನೋಡ್ತೀರಿ ಮ್ಯಾಡಮ್. ನಾ ಸಗಣಿ ನೋಡ್ತೀನಿ. ಸಗಣಿ ಇನ್ನೂ ಗಟ್ಟಿ ಆಗಿಲ್ಲ. ಆಗೂ ತನಕ ಇಷ್ಟ."

ಸಗಣಿಯ ಮಾತನ್ನು ನನ್ನ ಮುಖಕ್ಕೆ ಹೊಡೆದ ಹಾಗೆ ಕೇಳಿಸಿಕೊಂಡೆ. ಅದರಲ್ಲಿದ್ದ ತಿಳಿವಳಿಕೆ ನನ್ನ ಕಿವಿಗೆ ಬೀಳಲೇ ಇಲ್ಲ. ಆ ಸಂಜೆಯೇ ಸಂಸ್ಥೆಯ ಕಾರ್ಯದರ್ಶಿಗೆ ಎರಡು ಪುಟದ ಪತ್ರ ಬರೆದೆ. ಪ್ರಾಣಿಗಳ ಬಗ್ಗೆ ಅನುಕಂಪವೇ ಇಲ್ಲದ ವ್ಯಕ್ತಿ, ಆಶ್ರಯ ಕೇಂದ್ರವನ್ನು ಜೈಲಿನಂತೆ ನಡೆಸುತ್ತಿದ್ದಾರೆ, ಜನರ ದಯೆಯನ್ನು ಗೇಟಿನಲ್ಲೇ ತಿರುಗಿಸಿ ಕಳಿಸುತ್ತಿದ್ದಾರೆ ಎಂದೆಲ್ಲ. ಕಾರ್ಯದರ್ಶಿ ಅಂಗಡಿ ಮಕ್ಕಳಿಗೆ ಬಿಟ್ಟುಕೊಟ್ಟು ಸಮಾಜಸೇವೆಗಿಳಿದ ಹಿರಿಯರು. ಜನ ಬರಬೇಕು, ಫೋಟೋ ತೆಗೆಯಬೇಕು, ಕೈ ಬಿಚ್ಚಿ ಕೊಡಬೇಕು ಎನ್ನುವವರು. ಅವರಿಗೆ ನನ್ನ ಪತ್ರ ಬಹಳ ಹಿಡಿಸಿತು. ಮುಂದಿನ ವಾರ ಹೋದಾಗ ತಗಡಿನ ಫಲಕ ಇರಲಿಲ್ಲ. ಆತ ನನಗೆ ಎಂದಿನಂತೆ ನಮಸ್ಕಾರ ಹೇಳಿ ಕತ್ತೆಯ ಗೊರಸು ತೊಳೆಯಲು ಹೋದ.

ಶ್ರಾವಣ ಮುಗಿಯುತ್ತ ಬಂತು. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿದರೆ ಇಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ. ಬೆಳಗಾವಿ ಕಡೆಯ ನನ್ನ ಗೆಳತಿ ಫೋನು ಮಾಡಿದಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಇಲ್ಲಿನ ನಮ್ಮ ಕನ್ನಡ ಮನೆಗಳನ್ನೆಲ್ಲ ಒಂದು ಕೈಯಲ್ಲಿ ಹಿಡಿದವಳು.

"ವೈನಿ, ನಿಮ್ಮ ಎತ್ತಿಗೆ ಈ ಸಲ ಪೋಳಾ ಮಾಡೂಣಲ್ಲ? ಮನಿಗೊಂದು ಡಬ್ಬಿ ಹೋಳಿಗಿ. ಹುಡುಗ್ರಿಗೂ ನಮ್ಮ ಪದ್ಧತಿ ಗೊತ್ತಾಗ್ತದ. ಇಲ್ಲಾಂದ್ರ ಅವಕ್ಕ ಎತ್ತು ಅಂದ್ರ ಪೋಳಾಕ್ಕ ಎಳಕೊಂಡು ತಿರಗೂ ಕಟಗೀ ಎತ್ತು ಅಷ್ಟ."

"ಬರೋಬರ್ ಹೇಳಿದ್ರಿ," ಎಂದೆ. "ಎಲ್ಲಾರಿಗೂ ಜಲ್ದಿ ತಿಳಸರಿ."

ಮೃಗಾಲಯದಲ್ಲಿ ಶೇಂಗಾ ಎಸೆಯುವವನ ಕೈ ತಡೆದವಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕರಡಿಗೆ ಎಸೆಯುವುದು ತಮಾಷೆ, ಎತ್ತಿಗೆ ಉಣ್ಣಿಸುವುದು ಪೂಜೆ. ಚಿಕ್ಕಂದಿನಿಂದ ಕಂಡದ್ದು, ಪ್ರಶ್ನೆಯೇ ಏಳಲಿಲ್ಲ. ಆದರೆ ಚಿಕ್ಕಂದಿನಲ್ಲಿ ನಾನು ಕಂಡದ್ದು ಒಂದು ಮನೆಯ ಎತ್ತಿಗೆ ಅದೇ ಮನೆಯವರು ಒಂದೋ ಎರಡೋ ಹೋಳಿಗೆ ತಿನ್ನಿಸುವುದನ್ನು. ಇಲ್ಲಿ ಹನ್ನೆರಡು ಮನೆ ಸೇರಿದ್ದವು, ಎತ್ತು ಮಾತ್ರ ಒಂದೇ.

ಪೋಳಾದ ದಿನ ಮಧ್ಯಾಹ್ನ ಎಲ್ಲರೂ ಬಂದರು. ಬ್ಯಾಂಕಿನವರು, ಆಸ್ಪತ್ರೆಯವರು, ಹೊಸದಾಗಿ ಬೆಂಗಳೂರಿನಿಂದ ಬಂದ ಕಂಪ್ಯೂಟರಿನವರು. ಎತ್ತಿನ ಕೊಂಬಿಗೆ ಬಣ್ಣ ಬಳಿದಿತ್ತು, ಬೆನ್ನ ಮೇಲೆ ಕೆಂಪು ಝೂಲಿನ ಹೊದಿಕೆ. ಹೆಗಲಿನ ಗಾಯ ಮಾದು ಬೂದು ಚರ್ಮ ಬಂದಿತ್ತು. ಹಿಂದಿನ ದಿನವೇ ಪ್ರಾಣಿ ನೋಡಿಕೊಳ್ಳುವ ಆತ ಅಲ್ಲಿಗೆ ತುಪ್ಪ ಅರಿಶಿನ ಹಚ್ಚಿ ತಿಕ್ಕಿದ್ದನಂತೆ. ಈ ಎತ್ತನ್ನು ಉಳಿಸಿದ ಕಥೆಯನ್ನು ನಾನು ಎಲ್ಲ ಮನೆಗಳಲ್ಲೂ ಹೇಳಿಯಾಗಿತ್ತು. ಹಾಗಾಗಿ ಬೇರೆ ಮೂರು ಎತ್ತುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಡಬ್ಬಿಗಳೂ ಇದರ ಮುಂದೆಯೇ ತೆರೆದವು. ಮೈಸೂರಿನವರದು ತೆಳ್ಳಗಿನ ಒಬ್ಬಟ್ಟು, ನಮ್ಮದು ದಪ್ಪ ಹೋಳಿಗೆ. ಯಾರದನ್ನು ಮೊದಲು ತಿನ್ನುತ್ತದೆ ಎಂದು ಜಿದ್ದು, ನಗು. ಎತ್ತು ಎಲ್ಲರದನ್ನೂ ತಿಂದಿತು. ನಾಲಿಗೆ ಚಾಚಿ ಚಾಚಿ ತಿಂದಿತು. ಅಷ್ಟು ವರ್ಷ ದುಡಿದ ಜೀವ, ಸಿಹಿ ಕಂಡರೆ ಬಿಡುತ್ತದೆಯೇ?

ಆತ ಎರಡು ಸಲ ನನ್ನ ಹತ್ತಿರ ಬಂದ. ಮೊದಲನೆಯ ಸಲ ಮೆಲ್ಲಗೆ ಹೇಳಿದ, "ಒಂದೊಂದು ತುಟಿಗೆ ಮುಟ್ಟಿಸಿದ್ರ ಸಾಕು ಮ್ಯಾಡಮ್. ಒಣ ಮೇವಿನ ಹೊಟ್ಟಿ ಅದು. ಬ್ಯಾಳಿ ಬೆಲ್ಲ ತಡಕೊಳ್ಳೂದಿಲ್ಲ." ಎರಡನೆಯ ಸಲ ಬಂದಾಗ ದನಿ ಏರಿತ್ತು, "ಬಸ್, ಇನ್ನ ಬ್ಯಾಡ್ರಿ."

"ಹಬ್ಬದ ದಿನಾ ಆದ್ರೂ ಕೈ ಸಡಿಲ ಬಿಡ್ರಿ ಮಹಾರಾಯರ," ಎಂದು ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ಹೇಳಿದೆ. ಸುತ್ತ ನಿಂತವರು ನಕ್ಕರು. ಕಾರ್ಯದರ್ಶಿಯೂ ನಕ್ಕು, ಜನರಿಗೆ ಕುಡಿಯಲು ನೀರು ತಾ ಎಂದು ಆತನನ್ನು ಕಳಿಸಿದರು. ಆತ ನೀರು ತಂದಿಟ್ಟು ಕೋಣೆಯ ಕಡೆ ಹೋದ. ಕೊನೆಯ ಡಬ್ಬಿ ನನ್ನದೇ ಆಗಿತ್ತು.

ಮರುದಿನ ಬೆಳಿಗ್ಗೆ ಆತನ ಫೋನು ಬಂತು. ಎತ್ತು ಮೇವು ಮುಟ್ಟುತ್ತಿಲ್ಲ, ಹಲ್ಲು ಕಡಿಯುತ್ತಿದೆ. ಹೋಗಿ ನೋಡಿದರೆ ಎಡ ಮಗ್ಗುಲು ಉಬ್ಬಿ ನಿಂತಿತ್ತು. ಸಗಣಿ ನೀರಾಗಿ ಹರಿದು ಹುಳಿ ನಾತ ಹೊಡೆಯುತ್ತಿತ್ತು. ಆತ ಬೆಳಗಿನ ಜಾವದಿಂದ ನೀರಿನಲ್ಲಿ ಸೋಡಾ ಪುಡಿ ಕದಡಿ ಬಿದಿರಿನ ಗೊಟ್ಟದಿಂದ ಕುಡಿಸುತ್ತಲೇ ಇದ್ದ. ನಮಗೆ ಪರಿಚಯವಿದ್ದ ಪಶುವೈದ್ಯೆ ಒಬ್ಬಳಿದ್ದಳು, ಬೆಂಗಳೂರಿನ ಹುಡುಗಿ. ಇಲ್ಲಿ ಮೇಲಿನ ಓದಿಗೆ ಬಂದು ಮಹಾಲು ಎಂಬ ಹಳೇ ಪೇಟೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದಳು. ಅವಳಿಗೆ ಫೋನು ಮಾಡಿದೆ.

"ಹೊರಟೆ ಆಂಟಿ, ಆದರೆ ಇವತ್ತು ಮಾರ್ಬತ್. ಗಾಡಿ ಆಚೆ ತೆಗೆಯೋಕೇ ಆಗ್ತಿಲ್ಲ," ಎಂದಳು.

ಪೋಳಾದ ಮರುದಿನ ಈ ಊರಿನಲ್ಲಿ ಕಪ್ಪು, ಹಳದಿ ಮಾರ್ಬತ್ ಗೊಂಬೆಗಳ ಮೆರವಣಿಗೆ. ಊರಿನ ರೋಗರುಜಿನವನ್ನೆಲ್ಲ ಹೊತ್ತುಕೊಂಡು ಹೋಗೇ ಎಂದು ಸಾವಿರಾರು ಜನ ಕೂಗುತ್ತ, ಕೊನೆಗೆ ಗೊಂಬೆಯನ್ನು ಸುಡುತ್ತಾರೆ. ಫೋನಿನಲ್ಲಿ ಆ ಕೂಗು, ಆ ಡೋಲು ನನಗೂ ಕೇಳುತ್ತಿತ್ತು. ಅವಳು ಸ್ಕೂಟರು ಬಿಟ್ಟು, ಗಲ್ಲಿ ಗಲ್ಲಿ ನಡೆದು, ಆಟೋ ಹಿಡಿದು ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಎತ್ತು ನೆಲ ಹಿಡಿದಿತ್ತು. ಕಿವಿ ತಣ್ಣಗಾಗಿದ್ದವು.

ಅವಳು ಹೊಟ್ಟೆಗೆ ಕೈಯಿಟ್ಟು ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ನನ್ನ ಕಡೆ ತಿರುಗಿದಳು. "ಎಷ್ಟು ಹೋಳಿಗೆ ತಿನ್ನಿಸಿದ್ರಿ ಆಂಟಿ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಯಾರೂ ಲೆಕ್ಕ ಇಟ್ಟಿರಲಿಲ್ಲ.

"ಬೇಳೆ, ಬೆಲ್ಲ, ಹಿಟ್ಟು ಎಲ್ಲಾ ಒಟ್ಟಿಗೇ ಹೊಟ್ಟೇಲಿ ಹುಳಿಯಾಗಿದೆ. ಆ ಹುಳಿ ರಕ್ತಕ್ಕೂ ಹೋಗಿದೆ. ಸೋಡಾ ಕುಡಿಸಿದ್ದು ಒಳ್ಳೇದೇ ಆಯ್ತು, ಇಲ್ಲದಿದ್ರೆ ಇಷ್ಟು ಹೊತ್ತೂ ಇರ್ತಿರಲಿಲ್ಲ," ಎಂದಳು. ಬಾಟಲಿಯ ಮೇಲೆ ಬಾಟಲಿ ಏರಿಸಿದಳು. ಸಂಜೆ ಬೆಳಕಿರುವಾಗಲೇ ಎತ್ತು ಸತ್ತಿತು. ಕೊಂಬಿನ ಬಣ್ಣ ಹಸಿಯಿದ್ದ ಹಾಗೇ ಹೊಳೆಯುತ್ತಿತ್ತು.

ಮೂರನೆಯ ದಿನ ಕಾರ್ಯದರ್ಶಿ ನನ್ನನ್ನು ಕರೆಸಿದರು. ಚಹಾ ತರಿಸಿದರು. ಸಾವಿನ ಬಗ್ಗೆ ಒಂದು ವರದಿ ಬೇಕು, ನಿಮ್ಮ ಹಾಗೆ ಬರೆಯುವವರು ನಮ್ಮಲ್ಲಿಲ್ಲ ಎಂದರು. ಡಾಕ್ಟರು ರೋಗದ ಹೆಸರು ಬರೆದು ಕೊಟ್ಟಿದ್ದಾರೆ, ಕಾರಣ ಮಾತ್ರ ನಾವು ಬರೆಯಬೇಕು. ಕಾಳಿನ ಕೋಣೆಯ ಚಿಲಕ ಸರಿಯಿಲ್ಲ, ಎತ್ತು ಒಳಗೆ ಹೊಕ್ಕು ತಿಂದಿರಬಹುದಲ್ಲ? ನಿಮ್ಮ ಹನ್ನೆರಡು ಮನೆಯವರು ಸಜ್ಜನರು, ಭಕ್ತಿಯಿಂದ ಬಂದವರು. ಅವರ ಹೆಸರಿಗೆ ಮಸಿ ಯಾಕೆ? ನಿಮ್ಮ ಹೆಸರಿಗೂ?

ರೋಗದ ಚೀಟಿ ಕೊಡಲು ಬಂದು ಬಾಗಿಲ ಬಳಿ ನಿಂತಿದ್ದ ವೈದ್ಯೆ ಕನ್ನಡದಲ್ಲಿ ಹೇಳಿದಳು, "ರೋಗ ಏನು ಅಂತ ನಾನು ಬರೆದಿದ್ದೀನಿ ಆಂಟಿ. ಯಾರು ತಿನ್ನಿಸಿದ್ರು ಅನ್ನೋದನ್ನ ನೀವೇ ಬರೀಬೇಕು." ಅವಳು ಕಾಯಲಿಲ್ಲ, ಹೊರಟುಹೋದಳು.

ನಾನು ಪೆನ್ನು ತೆಗೆದೆ. ಸುಳ್ಳು ಬರೆಯಲಿಲ್ಲ. ನನ್ನ ಕಸುಬಿನಲ್ಲಿ ಸುಳ್ಳು ಬರೆಯುವ ಅಗತ್ಯವೇ ಬೀಳುವುದಿಲ್ಲ. ಎತ್ತು ಅತಿಯಾದ ಆಹಾರ ಸೇವಿಸಿದೆ ಎಂದು ಬರೆದೆ, ನಿಜ. ಕಾಳಿನ ಕೋಣೆಯ ಚಿಲಕ ಹಲವು ತಿಂಗಳಿಂದ ಸರಿಯಿರಲಿಲ್ಲ ಎಂದು ಬರೆದೆ, ಅದೂ ನಿಜ. ಪ್ರಾಣಿಗಳ ಮೇಲಿನ ನಿಗಾ ಸಾಲದು, ಈ ಕುರಿತು ಹಿಂದೆಯೂ ದೂರು ಬಂದಿತ್ತು ಎಂದು ಬರೆದು, ನನ್ನದೇ ಹಳೆಯ ಪತ್ರವನ್ನು ಲಗತ್ತಿಸಿದೆ. ಮೂರು ನಿಜಗಳನ್ನು ಒಂದರ ಪಕ್ಕ ಒಂದು ಇಟ್ಟೆ. ಓದಿದವರಿಗೆ ಆತನೇ ಎತ್ತನ್ನು ಕೊಂದ ಹಾಗೆ ಕಾಣುತ್ತಿತ್ತು. ಕಾರ್ಯದರ್ಶಿ ಓದಿ, ಬಹಳ ಸಭ್ಯವಾಗಿ ಬರೆದಿದ್ದೀರಿ ಎಂದರು. ನಾನು ಚಹಾ ಕುಡಿದು ಎದ್ದೆ.

ಒಂದು ವಾರದೊಳಗೆ ಆತನನ್ನು ಕೋಣೆ ಖಾಲಿ ಮಾಡಿಸಿದರು. ಅವರು ಹೋಗುವ ದಿನ ನಾನು ಆ ಕಡೆ ಹೋಗಲಿಲ್ಲ. ಹೋಗದಿರಲು ಮೊಣಕಾಲು ನೋವಿನ ನೆಪ ಸಿಕ್ಕಿತು. ಊಟ ಸೇರುತ್ತಿರಲಿಲ್ಲ. ಒಂದು ದಿನ ಯಜಮಾನರು ಕೇಳಿದರು, "ಏನಾಗೇದ ಹೇಳಬಾರದ?" ಹೇಳಿದೆ. ಅವರು ಯಾವತ್ತಿನಂತೆ ಛೇಡಿಸಲಿಲ್ಲ. "ಹಂಗಾದ್ರ ಇನ್ನೊಂದು ಬರೀ," ಎಂದಷ್ಟೇ ಹೇಳಿ ಪೇಪರು ಓದತೊಡಗಿದರು.

ಆ ಇನ್ನೊಂದನ್ನು ಬರೆಯಲು ನನಗೆ ದೀಪಾವಳಿ ದಾಟಬೇಕಾಯಿತು. ಮೂರು ಪುಟ. ಹೋಳಿಗೆಯ ಯೋಚನೆಗೆ ಹೂಂ ಎಂದವಳು ನಾನು, ಎಲ್ಲರನ್ನೂ ಕರೆಸಿದವಳು ನಾನು, ಆತ ಎರಡು ಸಲ ಬೇಡವೆಂದಾಗ ನಗೆಗೀಡು ಮಾಡಿದವಳು ನಾನು, ವರದಿಯನ್ನು ಹಾಗೆ ಬರೆದವಳೂ ನಾನು. ಕಾರ್ಯದರ್ಶಿಯ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಿಮ್ಮ ಮನಸ್ಸು ದೊಡ್ಡದು, ಆದರೆ ಹೊಸ ಮನುಷ್ಯ ಬಂದಾಯಿತು, ಮುಗಿದ ವಿಷಯ ಯಾಕೆ ಕೆದಕುತ್ತೀರಿ ಎಂದು ಪತ್ರವನ್ನು ಮಡಿಸಿ ಡ್ರಾಯರಿನಲ್ಲಿಟ್ಟರು. ನಮ್ಮ ಕನ್ನಡದ ಮನೆಗಳಲ್ಲೂ ಹೇಳಿದೆ. ಗೆಳತಿ ಅತ್ತಳು. ಉಳಿದವರು ಮಾತು ಬದಲಿಸಿದರು. ಗೊತ್ತಿಲ್ಲದೆ ಆದದ್ದು ಎಂದು ಒಬ್ಬರು ಸಮಾಧಾನ ಹೇಳಿದರು. ನನಗೆ ಗೊತ್ತಿಲ್ಲದೇ ಇರಲಿಲ್ಲ. ಆತ ಎರಡು ಸಲ ಹೇಳಿದ್ದ.

ಆತನ ವಿಳಾಸ ಕೊಟ್ಟವಳು ವೈದ್ಯೆ. ಹಿಂಗಣಾದ ಕಾರ್ಖಾನೆಗಳ ಹಿಂದಿನ ಒಂದು ಚಾಳು. ಬಸ್ಸಿನಲ್ಲಿ ಹೋದೆ, ಪತ್ರದ ನಕಲು ಚೀಲದಲ್ಲಿತ್ತು. ಆತ ಗೋದಾಮೊಂದರಲ್ಲಿ ಕಾವಲು ಕೆಲಸಕ್ಕೆ ಹೋಗಿದ್ದ. ಹೆಂಡತಿ ಬಾಗಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಕೂಡ್ರಿ ಎನ್ನಲಿಲ್ಲ.

ನಾನು ನಿಂತೇ ಹೇಳಿದೆ. ತಪ್ಪು ನನ್ನದು, ಬರೆದು ಕೊಟ್ಟಿದ್ದೇನೆ, ಸಂಸ್ಥೆಯವರು ವಾಪಸು ಕರೆಸಲು ಒಪ್ಪಲಿಲ್ಲ, ನಾನು ಬಿಡುವುದಿಲ್ಲ, ಇನ್ನೂ ಬರೆಯುತ್ತೇನೆ. ಕ್ಷಮಿಸಿ ಎಂದೆ.

"ಎತ್ತು ಇನ್ನ ಮಾಫ್ ಮಾಡೂದಿಲ್ಲ," ಎಂದಳು ಆಕೆ. "ಅದಕ್ಕ ನಮ್ಮ ಹತ್ರ ಬಂದೀರಿ."

ಹೌದೆಂದೆ. ಪತ್ರದಲ್ಲಿ ಏನು ಬರೆದಿದ್ದೀರಿ, ಓದಿ ಎಂದಳು. ಓದಿದೆ. ಹಿಂದಿಯಲ್ಲಿದ್ದದ್ದನ್ನು ಮರಾಠಿಯಲ್ಲಿ ಬಿಡಿಸಿ ಬಿಡಿಸಿ, ಮೂರು ಪುಟವನ್ನೂ ಓದಿ ಹೇಳಿದೆ. ಆಕೆ ಅಕ್ಕಿಯಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಎಲ್ಲಾ ನಿಮ್ಮದ ಐತಿ ಇದರಾಗ," ಎಂದಳು. "ನಮ್ಮವರು ಅದು ನೆಲಾ ಹಿಡದಾಗಿಂದ ಜೀವ ಹೋಗೂ ತನಕ ಅದರ ತಲಿ ತಮ್ಮ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ರು. ಒಂದು ಸಲಾನೂ ಏಳಲಿಲ್ಲ. ನೊಣಾ ಝಾಡಿಸ್ಕೋತ, ಅದರ ಕಿವಿಯಾಗ ಮಾತಾಡ್ಕೋತ. ಅದು ಎಲ್ಲೈತಿ?"

ಇರಲಿಲ್ಲ. ಅನುಕಂಪವಿಲ್ಲದ ವ್ಯಕ್ತಿ ಎಂದು ಬರೆದವಳು ನಾನು, ಅದನ್ನು ನನ್ನ ಮೂರು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ. ಇಷ್ಟು ಹೊತ್ತು ಇಲ್ಲಿ ಆ ದಿನದ ಬಗ್ಗೆ ಬರೆಯುವಾಗಲೂ ಅದನ್ನು ಬಿಟ್ಟೇ ಬಂದಿದ್ದೇನೆ.

"ನೀವು ಅಲ್ಲೇ ನಿಂತಿದ್ರಿ," ಎಂದಳು. "ನೋಡಿದ್ರಿ."

ನೋಡಿದ್ದೆ.